ಹಳದಿ ಲಕೋಟೆ ಬಂದರೆ ಮೊದಲು ಒಡೆದು ನೋಡು

ಜರ್ಮನಿಯ ಸ್ಟುಟ್‌ಗಾರ್ಟ್‌ಗೆ ಬಂದು ನಾಲ್ಕು ತಿಂಗಳಾದ ಹಾಸನದ ಹುಡುಗನೊಬ್ಬ ಕೇಳಿದ್ದಾನೆ: "ಅಕ್ಕ, ಅಂಚೆ ಡಬ್ಬಿ ತೆಗೆಯುವಾಗ ಕೈ ನಡುಗುತ್ತೆ. ಕೆಲಸದ ಪ್ರೊಬೇಶನ್ ಮುಗಿದಿಲ್ಲ. ವೀಸಾ ಫೆಬ್ರವರಿಗೆ ಮುಗಿಯುತ್ತೆ, ವಿದೇಶಿಯರ ಕಚೇರಿಯಿಂದ ಉತ್ತರಾನೇ ಇಲ್ಲ. ರಾತ್ರಿ ಮೂರಕ್ಕೆ ಎಚ್ಚರ ಆದ್ರೆ ಮತ್ತೆ ನಿದ್ದೆ ಬರಲ್ಲ. ನಿಮಗೆ ಇದೆಲ್ಲ ಯಾವಾಗ ಸರಿಹೋಯ್ತು?"

ಅಕ್ಕ ಅಂತ ಕರೆದೆಯಲ್ಲ, ಹಾಗಾಗಿ ನೀನು ಅಂತಲೇ ಬರೆಯುತ್ತೇನೆ. ನಾನಿಲ್ಲಿಗೆ ಬಂದು ಹನ್ನೊಂದು ವರ್ಷವಾಯಿತು. ಪೂರ್ತಿ ಸರಿಹೋಗಿಲ್ಲ. ಕೈ ನಡುಗುವುದು ನಿಂತಿದೆ, ಅಷ್ಟೆ.

ಅಂಚೆ ಡಬ್ಬಿಯ ವಿಷಯ ಮೊದಲು. 2016ರಲ್ಲಿ ನನಗೊಂದು ಸಾದಾ ಲಕೋಟೆ ಬಂತು. ಒಳಗೆ ಪೂರ್ತಿ ಜರ್ಮನ್ ಇರುತ್ತದೆ, ನಾಳೆ ನೋಡೋಣ ಅಂತ ಶೂ ಸ್ಟ್ಯಾಂಡ್ ಮೇಲಿಟ್ಟೆ. ದಿನಾ ಅದರ ಪಕ್ಕದಲ್ಲೇ ಚಪ್ಪಲಿ ಬಿಡುತ್ತಿದ್ದೆ, ಅದನ್ನು ಮಾತ್ರ ಮುಟ್ಟುತ್ತಿರಲಿಲ್ಲ. ನನ್ನನ್ನು ವಾಪಸ್ ಕಳಿಸುವ ಪತ್ರವೇ ಇರಬೇಕು ಅಂತ ಮನಸ್ಸಿನಲ್ಲೇ ಸೂಟ್‌ಕೇಸ್ ಕಟ್ಟಿ ಆಗಿತ್ತು. ಆಮೇಲೆ ಹಳದಿ ಲಕೋಟೆ ಬಂತು. ಎದೆ ಧಸಕ್ ಅಂತು. ಆಫೀಸಿನ ಗೆಳತಿಯೊಬ್ಬಳ ಕೈಯಲ್ಲಿ ಒಡೆಸಿದೆ. ಬಾಡಿಗೆ ಕಾರನ್ನು ಊರೊಳಗೆ ಸ್ವಲ್ಪ ಜೋರಾಗಿ ಓಡಿಸಿದ್ದೆನಂತೆ. ಆಗ ಅದಕ್ಕೆ 15 ಯೂರೋ ದಂಡ. ಮೊದಲ ಲಕೋಟೆ ಒಡೆದು ಕಟ್ಟಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಒಡೆಯದೆ ಇಟ್ಟಿದ್ದಕ್ಕೆ ಶುಲ್ಕ, ಅಂಚೆ ಖರ್ಚು ಎಲ್ಲ ಸೇರಿ 43 ಯೂರೋ 50 ಸೆಂಟ್. ಅವಳು ನಕ್ಕಿದ್ದು ಇನ್ನೂ ನೆನಪಿದೆ.

ಹಳದಿ ಲಕೋಟೆ ಅಂದರೆ ಕೇಡಿನ ಸುದ್ದಿ ಅಂತಲ್ಲ. ಪತ್ರ ನಿನಗೆ ತಲುಪಿತು ಅನ್ನುವುದಕ್ಕೆ ದಾಖಲೆ ಬೇಕಾದಾಗ ಹಾಗೆ ಕಳಿಸುತ್ತಾರೆ. ಪೋಸ್ಟ್‌ಮ್ಯಾನ್ ಅದರ ಮೇಲೆ ತಾರೀಖು ಬರೆದು ಹಾಕುತ್ತಾನೆ. ಗಡುವು ಆ ತಾರೀಖಿನಿಂದಲೇ ಶುರು, ಹಾಗಾಗಿ ಲಕೋಟೆ ಎಸೆಯಬೇಡ. ಪತ್ರದೊಳಗೆ 'ಫ್ರಿಸ್ಟ್' ಅನ್ನುವ ಪದ ಹುಡುಕು, ಗಡುವು ಅಂತ ಅರ್ಥ. ಇಂಥ ದಂಡದ ಆದೇಶಕ್ಕೆ ತಕರಾರು ಹಾಕಬೇಕಿದ್ದರೆ ಎರಡೇ ವಾರ. ಮಿಕ್ಕಿದ್ದು ಅರ್ಥವಾಗದಿದ್ದರೂ ಆ ತಾರೀಖನ್ನು ಕ್ಯಾಲೆಂಡರಿನಲ್ಲಿ ಬರೆದುಕೋ.

ಇನ್ನು ವೀಸಾ. ಮುಗಿಯುವ ಮೊದಲೇ ಅರ್ಜಿ ಹಾಕಿದ್ದೀಯಾ? ನೀನು ಅದನ್ನೇ ಬರೆದಿಲ್ಲ. ಹಾಕಿದ್ದರೆ, ಅವರು ತೀರ್ಮಾನ ಮಾಡುವವರೆಗೆ ನಿನ್ನ ಹಳೆಯ ಪರವಾನಗಿ ಚಾಲ್ತಿಯಲ್ಲೇ ಇರುತ್ತದೆ. ಅದಕ್ಕೊಂದು ಕಾಗದ ಕೊಡುತ್ತಾರೆ, 'ಫಿಕ್ಟಿಯೋನ್ಸ್‌ಬೆಶೈನಿಗುಂಗ್' ಅಂತ. ಹೆಸರಿನಲ್ಲೇ ಫಿಕ್ಷನ್ ಇದೆ ನೋಡು! ಇಂಥ ಹೆಸರಿನ ಕಾಗದ ನಂಬಿ ಮನುಷ್ಯ ನಿದ್ದೆ ಮಾಡುವುದಾದರೂ ಹೇಗೆ? ನಾನೂ ನಂಬಿರಲಿಲ್ಲ. 2018ರಲ್ಲಿ ಚಿಕ್ಕಪ್ಪನ ಮಗಳ ಮದುವೆ ಬಂತು. ಹೋದರೆ ವಾಪಸ್ ಒಳಗೆ ಬಿಡುವುದಿಲ್ಲವೇನೋ ಅಂತ ಹೆದರಿ ಹೋಗಲೇ ಇಲ್ಲ, ಧಾರೆಯನ್ನು ಮೊಬೈಲಿನಲ್ಲಿ ನೋಡಿದೆ. ವರ್ಷವಾದ ಮೇಲೆ ಗೊತ್ತಾಯಿತು, ಆ ಕಾಗದದಲ್ಲಿ 81ನೇ ಸೆಕ್ಷನ್ನಿನ 4ನೇ ಉಪವಿಧಿಯ ಮುಂದೆ ಗುರುತಿದ್ದರೆ ಹೋಗಿ ಬರಬಹುದು. ನನ್ನದರಲ್ಲಿ ಗುರುತಿತ್ತು. ಯಾರನ್ನಾದರೂ ಒಂದು ಮಾತು ಕೇಳಿದ್ದರೆ ಆಗುತ್ತಿತ್ತು. ಕೇಳಿದರೆ ಕೆಟ್ಟ ಉತ್ತರ ಬಂದುಬಿಟ್ಟರೆ ಅಂತ ಕೇಳಲಿಲ್ಲ. ನನ್ನ ಹೊಟ್ಟೆಯೊಳಗಿನ ಸಂಕಟ ಇವತ್ತಿಗೂ ಅದೇ.

ಪ್ರೊಬೇಶನ್ ವಿಷಯದಲ್ಲಿ ಸುಳ್ಳು ಧೈರ್ಯ ಹೇಳುವುದಿಲ್ಲ. ಇಲ್ಲಿ ಅದು ಹೆಚ್ಚೆಂದರೆ ಆರು ತಿಂಗಳು, ಅಷ್ಟರಲ್ಲಿ ಎರಡು ವಾರದ ನೋಟಿಸ್ ಕೊಟ್ಟು ಕಳಿಸಬಹುದು. ನಿರುದ್ಯೋಗ ಭತ್ಯೆ ಸಿಗಬೇಕಾದರೆ ಕಳೆದ 30 ತಿಂಗಳಲ್ಲಿ 12 ತಿಂಗಳು ವಿಮೆ ಕಟ್ಟಿರಬೇಕು. ನಿನ್ನದು ನಾಲ್ಕೇ, ಹಾಗಾಗಿ ಸಿಗುವುದಿಲ್ಲ. ಮೂರು ತಿಂಗಳ ಬಾಡಿಗೆ, ಊರಿಗೆ ಒಂದು ಟಿಕೆಟ್ಟಿನ ದುಡ್ಡು, ಇಷ್ಟನ್ನು ಬೇರೆ ಖಾತೆಯಲ್ಲಿಡು. ಅಲ್ಲಿಯವರೆಗೆ ಹೊಸ ಸೋಫಾ ಬೇಡ. ಖಾತೆಯಲ್ಲಿ ಆ ಮೊತ್ತ ಸೇರಿದ ತಿಂಗಳೇ ನನ್ನ ಎದೆಬಡಿತ ಅರ್ಧ ಇಳಿದಿತ್ತು. ಎಷ್ಟು ಪ್ರಾಣಾಯಾಮ ಮಾಡಿದರೂ ಇಳಿದಿರಲಿಲ್ಲ ಅದು.

ರಾತ್ರಿ ಮೂರು ಗಂಟೆ ನನಗೂ ಗೊತ್ತು. ಚಳಿಗಾಲದಲ್ಲಿ ಆ ಹೊತ್ತಿಗೆ ಊರಿನಲ್ಲಿ ಏಳೂವರೆ, ಅಮ್ಮ ಕಾಫಿ ಕಾಸುತ್ತಿರುತ್ತಾಳೆ. ಸುಮ್ನೆ ಫೋನ್ ಮಾಡುತ್ತಿದ್ದೆ. "ಈ ಹೊತ್ತಲ್ಲಿ ಯಾಕೆ ಎದ್ದಿದ್ದೀಯಾ, ಏನಾಯ್ತು?" ಅಂತ ಅವಳು ಗಾಬರಿಯಾಗುತ್ತಿದ್ದಳು. ಆಮೇಲೆ ಇಡೀ ದಿನ ಅವಳಿಗೂ ಸಮಾಧಾನವಿಲ್ಲ. ಅದನ್ನು ಬಿಟ್ಟೆ. ಈಗ ದಿಂಬಿನ ಪಕ್ಕ ಒಂದು ಚೀಟಿ ಇರುತ್ತದೆ. ತಲೆಯಲ್ಲಿ ಬಂದಿದ್ದಕ್ಕೆ ತಾರೀಖು ಇದೆಯಾ ಅಂತ ನೋಡುತ್ತೇನೆ. ಇದ್ದರೆ ಬರೆದಿಟ್ಟು ಬೆಳಿಗ್ಗೆ ನೋಡುವುದು. ಇಲ್ಲದಿದ್ದರೆ ಎದ್ದು ನಾಳೆಯ ಡಬ್ಬಿಗೆ ತರಕಾರಿ ಹೆಚ್ಚುವುದು. ಎರಡು ವಾರ ಹೀಗೇ ನಿದ್ದೆ ಕೆಟ್ಟರೆ ಮಾತ್ರ ಚೀಟಿ ಸಾಲದು, ನಿನ್ನ ಡಾಕ್ಟರಿಗೆ ಹೇಳು. 116117ಕ್ಕೆ ಫೋನ್ ಮಾಡಿದರೆ ಮನೋಚಿಕಿತ್ಸಕರ ಮೊದಲ ಭೇಟಿ ಗೊತ್ತುಮಾಡಿ ಕೊಡುತ್ತಾರೆ. ಸರ್ಕಾರಿ ವಿಮೆ ಇದ್ದರೆ ದುಡ್ಡು ಕೇಳುವುದಿಲ್ಲ. ನಾನು ಹೋಗಿದ್ದೇನೆ, ನಾಚಿಕೆಪಡುವಂಥದ್ದೇನೂ ಇಲ್ಲ.

ತಾರೀಖಿಲ್ಲದ ಭಯಗಳಲ್ಲಿ ದೊಡ್ಡದು ಊರಿನದು. ಅಪ್ಪ ಬಚ್ಚಲಿನಲ್ಲಿ ಜಾರಿ ಬಿದ್ದಿದ್ದು ನನಗೆ ಗೊತ್ತಾಗಿದ್ದು ಹತ್ತು ದಿನದ ಮೇಲೆ. "ದೂರದಲ್ಲಿದ್ದೀಯಾ, ಯಾಕೆ ಹೇಳಿ ಗಾಬರಿ ಮಾಡೋದು ಅಂತ" ಅಂದರು. ಅವತ್ತಿನಿಂದ ಅವರು "ಚೆನ್ನಾಗಿದ್ದೀವಿ" ಅಂದಾಗಲೆಲ್ಲ ಅನುಮಾನ. ಕೊನೆಗೆ ಕೂತು ಜಗಳ ಆಡಿ ಒಪ್ಪಿಸಿದೆ: ಏನೇ ಆದರೂ ಅದೇ ದಿನ ಹೇಳಬೇಕು. ಎದುರು ಮನೆ ಆಂಟಿಗೂ ಹೇಳಿಟ್ಟಿದ್ದೇನೆ. ಈಗ ಅಮ್ಮ ಬಿಪಿ ಎಷ್ಟಿದೆ ಅಂತ ಬೇಡವೆಂದರೂ ಹೇಳುತ್ತಾಳೆ. ಮೊದಲಿಗಿಂತ ಜಾಸ್ತಿ ಕೆಟ್ಟ ಸುದ್ದಿ ಕೇಳುತ್ತೇನೆ, ಆದರೂ ಫೋನ್ ಸದ್ದಾದರೆ ಬೆಚ್ಚುವುದು ಕಡಿಮೆಯಾಗಿದೆ. ವಿಚಿತ್ರ ಅಲ್ವಾ?

ಒಡೆಯದ ಲಕೋಟೆ ಎಷ್ಟಿವೆ ಅಂತ ನೀನು ಬರೆದಿಲ್ಲ. ಇದ್ದೇ ಇರುತ್ತವೆ ಬಿಡು. ನಾನಿರುವುದು ಎಸ್ಲಿಂಗನ್‌ನಲ್ಲಿ, ಎಸ್-ಬಾನ್ ರೈಲು ಹತ್ತಿದರೆ ಹತ್ತಿರವೇ. ಈ ಶನಿವಾರ ಎಲ್ಲ ಚೀಲಕ್ಕೆ ಹಾಕಿಕೊಂಡು ಬಾ. ಅಕ್ಕಿ ರೊಟ್ಟಿ ಮಾಡುತ್ತೇನೆ, ತಿಂದು ಕೈ ತೊಳೆದುಕೊಂಡು ಒಂದೊಂದೇ ಒಡೆಯೋಣ. ಬರುವಾಗ ಒಂದು ತೆಂಗಿನಕಾಯಿ ತಾ, ಚಟ್ನಿಗೆ. ಭಾನುವಾರಕ್ಕೆ ಮುಂದೂಡಬೇಡ, ಅಂಗಡಿ ಮುಚ್ಚಿರುತ್ತೆ.