ಪಿಯಾನೊ ಓದಲು ಜರ್ಮನಿಗೆ ಹೊರಟ ತಮ್ಮನಿಗೆ

ಪಿಯಾನೊದ ಕೊನೆಯ ಗ್ರೇಡ್ ಪರೀಕ್ಷೆ, ಗ್ರೇಡ್ 8, ಪಾಸಾಗಿದೆ, ಸ್ಟುಟ್‌ಗಾರ್ಟ್‌ನಲ್ಲಿ ಪಿಯಾನೊ ಪ್ರವೇಶ ಪರೀಕ್ಷೆಗೆ ಕರೆ ಬಂದಿದೆ ಅಂತ ಬಂಗಾರಪೇಟೆಯಿಂದ ಬರೆದಿದ್ದೀಯ. ಖರ್ಚೆಷ್ಟು, ಮನೆಯಲ್ಲಿ ನುಡಿಸಲು ಬಿಡುತ್ತಾರಾ, ಮುಂದೆ ಕಾನ್ಸರ್ಟ್ ಪಿಯಾನಿಸ್ಟ್ ಆಗಿ ಬದುಕಬಹುದಾ ಅಂತ ಕೇಳಿದ್ದೀಯ. ನಾನು ಕೋಲಾರದವಳು. ಸ್ಟುಟ್‌ಗಾರ್ಟ್‌ನಲ್ಲೇ ಪಿಯಾನೊ ಓದಿ ಇಲ್ಲೇ ನೆಲೆ ನಿಂತವಳು. ಅಕ್ಕನ ಸಲುಗೆಯಿಂದಲೇ ಹೇಳುತ್ತೇನೆ.

ವೀಸಾಕ್ಕೆ ಬ್ಲಾಕ್ಡ್ ಅಕೌಂಟಿನಲ್ಲಿ, ಅಂದರೆ ತಿಂಗಳಿಗಿಷ್ಟೇ ಅಂತ ದುಡ್ಡು ಬಿಡುವ ಖಾತೆಯಲ್ಲಿ, ವರ್ಷಕ್ಕೆ 11,904 ಯೂರೋ ಇಡಬೇಕು. ಅದು 2024ರ ಲೆಕ್ಕ. ತಿಂಗಳಿಗೆ 992 ಕೈಗೆ ಬರುತ್ತದೆ. ಜರ್ಮನಿಯಲ್ಲಿ ಓದು ಫ್ರೀ ಅನ್ನುತ್ತಾರಲ್ಲ, ಸ್ಟುಟ್‌ಗಾರ್ಟ್ ಇರುವ ಈ ರಾಜ್ಯದಲ್ಲಿ ಹಾಗಿಲ್ಲ. 2017ರಿಂದ ಯುರೋಪಿನ ಒಕ್ಕೂಟದ ಹೊರಗಿನ ನಮ್ಮಂಥವರು ಸೆಮಿಸ್ಟರಿಗೆ 1,500 ಯೂರೋ ಕಟ್ಟಬೇಕು. ಉಳಿದದ್ದನ್ನು ಬಾಷ್ ಕಂಪನಿಗೆ ಬಂದಿರುವ ನಮ್ಮ ಕನ್ನಡದವರನ್ನು ಕೇಳು. ನನಗಿಂತ ಚೆನ್ನಾಗಿ ಲೆಕ್ಕ ಹೇಳುತ್ತಾರೆ.

ಮನೆಯಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಸದ್ದು ಮಾಡುವಂತಿಲ್ಲ. ಭಾನುವಾರವೂ ಹುಷಾರು. ಹೆಡ್‌ಫೋನ್ ಹಾಕುವ ಡಿಜಿಟಲ್ ಪಿಯಾನೊ ಒಂದು ತಗೋ, ಉಳಿದಂತೆ ಕಾಲೇಜಿನ ರೂಮು ಇದೆ. ಇಲ್ಲಿ ‘ಕೇರ್‌ವೋಖೆ’ ಅಂತ ಒಂದಿದೆ, ಮೆಟ್ಟಿಲು ಗುಡಿಸುವ ಸರದಿ. ಅದನ್ನು ತಪ್ಪಿಸಿದರೆ ಪಿಯಾನೊ ಸದ್ದಿಗಿಂತ ಜಾಸ್ತಿ ಮುಖ ಗಂಟು ಹಾಕುತ್ತಾರೆ.

ಈಗ ಮೂರನೇ ಪ್ರಶ್ನೆ. ನಾನು ಬರೆಯಲು ಕೂತದ್ದೇ ಇದಕ್ಕೆ. ವೇದಿಕೆ ಮೇಲೆ ಒಬ್ಬರೇ ನುಡಿಸಿ ಬದುಕುವವರು ಬೆರಳೆಣಿಕೆ. ಹೆಸರಾಗಬೇಕಾದರೆ ದೊಡ್ಡ ಸ್ಪರ್ಧೆ ಗೆಲ್ಲಬೇಕು. ವಾರ್ಸಾದ ಶೋಪೆನ್ ಸ್ಪರ್ಧೆ ಐದು ವರ್ಷಕ್ಕೊಮ್ಮೆ, ವಯಸ್ಸು 30 ದಾಟಿದರೆ ಇಲ್ಲ. 1980ರಲ್ಲಿ ವಿಯೆಟ್ನಾಂನ ಡಾಂಗ್ ಥಾಯ್ ಸನ್ ಅದನ್ನು ಗೆದ್ದ, ಏಷ್ಯಾದವರಲ್ಲಿ ಮೊದಲಿಗ. ಹಾಗಾಗಿ ಆಸೆ ಬಿಡು ಅನ್ನುವುದಿಲ್ಲ. ಆದರೆ ಗೆಲ್ಲದ ನಾವೆಲ್ಲ ಹೊಟ್ಟೆ ಹೊರೆಯುವುದು ಬೇರೆ ಕೆಲಸದಿಂದ. ಒಪೆರಾ ಹಾಡುಗಾರರಿಗೆ ಅಭ್ಯಾಸ ಮಾಡಿಸುತ್ತೇವೆ, ಬ್ಯಾಲೆ ಕ್ಲಾಸಿಗೆ ನುಡಿಸುತ್ತೇವೆ, ಮಕ್ಕಳಿಗೆ ಪಾಠ ಹೇಳುತ್ತೇವೆ. ನಾನೂ ಅಷ್ಟೇ.

ಈ ಕೆಲಸಕ್ಕೆ ಬೇಕಾದ್ದು ಸೈಟ್ ರೀಡಿಂಗ್, ಅಂದರೆ ಮುಂಚೆ ನೋಡದ ಪುಟವನ್ನು ನೋಡುತ್ತಲೇ ನುಡಿಸುವುದು. ನಮ್ಮ ಕಡೆ ಕಲಿಯುವ ರೀತಿ ನಿನಗೆ ಗೊತ್ತಲ್ಲ. ಪಾಠಕ್ಕೆ ರೈಲು ಹತ್ತಿ ಬೆಂಗಳೂರಿಗೆ ಹೋಗುವುದು, ವರ್ಷಕ್ಕೊಂದು ಗ್ರೇಡು, ಗ್ರೇಡಿಗೆ ಮೂರು ಪೀಸು. ಆ ಮೂರನ್ನೇ ವರ್ಷಪೂರ್ತಿ ತಿಕ್ಕುತ್ತೇವೆ. ಸೈಟ್ ರೀಡಿಂಗ್ ನೆನಪಾಗುವುದು ಪರೀಕ್ಷೆ ಹತ್ತಿರ ಬಂದಾಗ. ನಾನು ಬಂದ ಹೊಸದರಲ್ಲಿ ಒಬ್ಬ ಹಾಡುಗಾರ ಶೂಬರ್ಟ್‌ನ ‘ಎರ್ಲ್‌ಕೋನಿಗ್’ ಮುಂದಿಟ್ಟು ಶುರು ಮಾಡು ಅಂದ. ಅಪ್ಪ ಮಗುವನ್ನು ತಬ್ಬಿಕೊಂಡು ರಾತ್ರಿ ಕುದುರೆ ಓಡಿಸುವ ಹಾಡು. ಬಲಗೈ ಒಂದೇ ಸ್ವರದ ಆಕ್ಟೇವನ್ನು, ಅಂದರೆ ಮೇಲಿನದನ್ನೂ ಕೆಳಗಿನದನ್ನೂ ಒಟ್ಟಿಗೆ, ಬೀಟಿಗೆ ಮೂರು ಸಲ ಬಡಿಯುತ್ತಲೇ ಇರಬೇಕು. ಎರಡನೇ ಪುಟಕ್ಕೆ ಮಣಿಕಟ್ಟು ಮರಗಟ್ಟಿತು. ಎಡಗೈಗೆ ಏನು ಬರೆದಿದೆ ಅಂತ ಹುಡುಕುವಷ್ಟರಲ್ಲಿ ಅವನು ಒಂದು ಸಾಲು ಮುಂದೆ ಹೋಗಿದ್ದ. ನಿಲ್ಲಲಿಲ್ಲ. ಇಲ್ಲಿ ಯಾರೂ ನಿಲ್ಲುವುದಿಲ್ಲ. ನಾಲ್ಕು ಸ್ವರ ಬಿಟ್ಟುಹೋದರೂ ಸರಿ, ಎಡಗೈಯ ಕೆಳಸ್ವರ, ಅಂದರೆ ಬೇಸ್, ಹಿಡಿದುಕೊಂಡು ಹಾಡುವವನ ಉಸಿರು ನೋಡುತ್ತ ಹೋಗಬೇಕು. ಅದು ಕೈಗೆ ಹತ್ತಲು ನನಗೆ ವರ್ಷಗಳೇ ಹಿಡಿದವು. ಅಷ್ಟರಲ್ಲಿ ಎಷ್ಟೋ ಕೆಲಸ ಬೇರೆಯವರ ಪಾಲಾದವು.

ಪಕ್ಕವಾದ್ಯ ತಾನೇ ಅಂತ ಮೂಗು ಮುರಿಯಬೇಡ. ರಾಮೋತ್ಸವದ ಕಛೇರಿಯಲ್ಲಿ ನಮ್ಮ ಪಿಟೀಲು ವಿದ್ವಾಂಸರು ರಿಹರ್ಸಲ್ ಇಲ್ಲದೆ ಕೂರುವುದನ್ನು ನೋಡಿದ್ದೀಯ ಅಲ್ವಾ? ಹಾಡುವವರು ಯಾವ ರಾಗ ಎತ್ತಿದರೂ ಹಿಡಿಯುತ್ತಾರೆ. ಆ ಕಿವಿ ನಮ್ಮಲ್ಲಿದೆ, ಕಣ್ಣಿಗೂ ಅದನ್ನು ಕಲಿಸು. ದಿನಾ ಅರ್ಧ ಗಂಟೆ ಹಿಂದೆಂದೂ ನೋಡದ ಪುಟ ನುಡಿಸು. ಬಾಖ್‌ನ ಕೋರಲ್‌ಗಳಿಂದ, ಅಂದರೆ ಚರ್ಚಿನ ಹಾಡುಗಳಿಂದ, ಶುರು ಮಾಡು, ನಾಲ್ಕು ದನಿ, ಚಿಕ್ಕ ಚಿಕ್ಕವು. ಕೆ.ಜಿ.ಎಫ್.ನ ಯಾವುದಾದರೂ ಚರ್ಚಿನಲ್ಲಿ ಹಾಡುವವರ ಜೊತೆ ನುಡಿಸಲು ಬಿಟ್ಟರೆ ಸುಮ್ನೆ ಹೋಗಿ ಕೂತುಬಿಡು, ದುಡ್ಡು ಕೇಳಬೇಡ.

ಇಂಡಿಯಾದಿಂದ ಬಂದು ಪಿಯಾನೊನಾ ಅಂತ ಇಲ್ಲಿ ಹುಬ್ಬೇರಿಸುವವರು ಸಿಗುತ್ತಾರೆ. ಜಯಚಾಮರಾಜ ಒಡೆಯರ ಹೆಸರು ಹೇಳು. ಸ್ವತಃ ಪಿಯಾನೊ ಬಲ್ಲವರು. ಲಂಡನ್‌ನಲ್ಲಿದ್ದ ರಷ್ಯಾದ ಸಂಗೀತ ರಚನಕಾರ ನಿಕೊಲಾಯ್ ಮೆಟ್ನರ್ ತನ್ನ ಕೊನೆಗಾಲದಲ್ಲಿ ತನ್ನ ಸಂಗೀತ ರೆಕಾರ್ಡ್ ಮಾಡಿದ್ದು ಅವರು ಕೊಟ್ಟ ದುಡ್ಡಲ್ಲಿ. ತನ್ನ ಮೂರನೇ ಪಿಯಾನೊ ಕಾನ್ಚೆರ್ಟೊವನ್ನು, ಅಂದರೆ ಆರ್ಕೆಸ್ಟ್ರಾ ಜೊತೆ ನುಡಿಸುವ ಕೃತಿಯನ್ನು, ಅವರಿಗೇ ಅರ್ಪಿಸಿದ. ಇದನ್ನು ಹೇಳುವಾಗ ನನಗೆ ಈಗಲೂ ಎದೆ ಉಬ್ಬುತ್ತದೆ.

ಒಂದು ಕೊರಗು ಮಾತ್ರ ಉಳಿದಿದೆ. ಪಿಟೀಲಿನವರು ಪೆಟ್ಟಿಗೆ ಹಿಡಿದು ಊರಿಗೆ ಹೋಗುತ್ತಾರೆ. ದೊಡ್ಡ ಕಾನ್ಸರ್ಟ್ ಗ್ರ್ಯಾಂಡ್ ಸುಮಾರು 480 ಕೆ.ಜಿ. ತೂಗುತ್ತದೆ, ಅದಿರುವಲ್ಲಿಗೆ ನಾವೇ ಹೋಗಬೇಕು. ನಮ್ಮ ಬೀದಿಗೆ ಅದು ಬರಲಿಲ್ಲ, ಮಂಡಿನೋವಿನ ಅಮ್ಮ ಇಲ್ಲಿಗೆ ಬರಲಿಲ್ಲ. ಅವರು ನನ್ನ ಸಂಗೀತ ಕೇಳಿದ್ದೆಲ್ಲ ಫೋನಿನಲ್ಲೇ. ‘ಚೆನ್ನಾಗಿದೆ ಕಣೆ, ಊಟ ಆಯ್ತಾ?’ ಅನ್ನುತ್ತಿದ್ದರು. ನೀನು ಹೊರಡುವ ಮುಂಚೆ ಬೆಂಗಳೂರಿನಲ್ಲಿ ಒಳ್ಳೆ ಪಿಯಾನೊ ಇರುವ ಕಡೆ ನಿಮ್ಮ ಮನೆಯವರನ್ನು ಕೂರಿಸಿ ಒಮ್ಮೆ ನುಡಿಸು.

ನೋಟ್ಸನ್ನು ಜೆರಾಕ್ಸ್ ಮಾಡಿಸಿ ತರಬೇಡ. ಸಂಗೀತದ ಪುಸ್ತಕ ನಕಲು ಮಾಡುವ ವಿಷಯದಲ್ಲಿ ಇಲ್ಲಿ ಕಾನೂನು ಬಿಗಿ. ಬೇಕಾದ್ದು ಲೈಬ್ರರಿಯಲ್ಲಿ ಸಿಗುತ್ತದೆ. ಆ ಜಾಗಕ್ಕೆ ಸಾರಿನ ಪುಡಿ ತುಂಬಿಕೋ. ಉಪ್ಪಿನಕಾಯಿ ಬೇಡ, ಎಣ್ಣೆ ಸೋರಿ ಬಟ್ಟೆಯೆಲ್ಲ ಹಾಳಾಗುತ್ತದೆ.