ಮೆಕ್‌ಗ್ರೆಗರ್ ಮನೆತನ: 1774ಕ್ಕಿಂತ ಹಿಂದೆ ಹುಡುಕುವುದು ಹೇಗೆ?

ಮೇಡಂ, ನಿಮ್ಮ ಯಜಮಾನರ ಮೆಕ್‌ಗ್ರೆಗರ್ ಮನೆತನ ಕೆನಡಾದ ಪಿಕ್ಟೌವರೆಗೆ ಸಿಕ್ಕಿದೆ, ಅದಕ್ಕಿಂತ ಹಿಂದೆ ಸ್ಕಾಟ್ಲೆಂಡ್‌ನಲ್ಲಿ ಆ ಹೆಸರೇ ಸಿಗುತ್ತಿಲ್ಲ ಅಂತ ಕೇಳಿದ್ದೀರಿ. ದಯವಿಟ್ಟು ಕೈಬಿಡಬೇಡಿ. ಆಗ ಆ ಹೆಸರು ಇಟ್ಟುಕೊಳ್ಳುವುದೇ ಅಪರಾಧವಾಗಿತ್ತು.

1603ರ ಫೆಬ್ರವರಿಯಲ್ಲಿ ಗ್ಲೆನ್ ಫ್ರೂಯಿನ್ ಕಣಿವೆಯಲ್ಲಿ ಮೆಕ್‌ಗ್ರೆಗರ್‌ಗಳು ಕೊಹೂನ್ ಕುಲದವರನ್ನು ಬಡಿದು ಕೊಂದರು. ಏಪ್ರಿಲ್‌ನಲ್ಲೇ ಸರ್ಕಾರ ಆ ಹೆಸರನ್ನು ನಿಷೇಧಿಸಿತು. ಬೇರೆ ಹೆಸರು ಇಟ್ಟುಕೊಳ್ಳದಿದ್ದರೆ ಮರಣದಂಡನೆ. ಮುಂದಿನ ಜನವರಿಯಲ್ಲಿ ಅವರ ನಾಯಕ ಗ್ಲೆನ್‌ಸ್ಟ್ರೇಯ ಅಲಸ್ಟೇರ್‌ನನ್ನು ಎಡಿನ್‌ಬರೋದಲ್ಲಿ ಗಲ್ಲಿಗೇರಿಸಿದರು. 1661ರಲ್ಲಿ ನಿಷೇಧ ತೆಗೆದರು, 1693ರಲ್ಲಿ ಮತ್ತೆ ಹೇರಿದರು, ಪೂರ್ತಿ ತೆಗೆದಿದ್ದು 1774ರಲ್ಲಿ. ಎಷ್ಟು ತಲೆಮಾರು ನೋಡಿ! ಆಮೇಲೂ ಎಲ್ಲರೂ ತಕ್ಷಣ ಹಳೇ ಹೆಸರಿಗೆ ಬರಲಿಲ್ಲ. ನಾಯಕನ ಮನೆಯವರೇ 1822ರವರೆಗೂ ಮರ್ರೆ ಅಂತ ಇದ್ದರು.

ಹಾಗಾಗಿ ಅವರು ಬದಲಿಗೆ ಇಟ್ಟುಕೊಂಡ ಕ್ಯಾಂಬೆಲ್, ಡ್ರಮ್ಮಂಡ್, ಮರ್ರೆ, ಗ್ರಾಂಟ್, ಸ್ಟುವರ್ಟ್, ಗ್ರಹಾಂ, ಎಲ್ಲಾ ಹೆಸರಲ್ಲೂ ಹುಡುಕಬೇಕು. ಇದೇ ಕುಲದ ಪ್ರಸಿದ್ಧ ರಾಬ್ ರಾಯ್ ಕೂಡ ತಾಯಿ ಕಡೆಯ ಕ್ಯಾಂಬೆಲ್ ಹೆಸರಲ್ಲೇ ಓಡಾಡಿದವನು. ಮ್ಯಾಕ್, ಮೆಕ್ ಅನ್ನೋ ವ್ಯತ್ಯಾಸಕ್ಕೆ ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ, ಬರೆಯುವವರು ಮನಸ್ಸಿಗೆ ಬಂದಂತೆ ಬರೆದಿದ್ದಾರೆ.

ನಿಮ್ಮ ಕೈಹಿಡಿಯುವುದು ಹೆಂಗಸರ ಹೆಸರು. ಸ್ಕಾಟ್ಲೆಂಡ್‌ನ ಚರ್ಚ್ ದಾಖಲೆಗಳಲ್ಲಿ ಮದುವೆಯಾದ ಮೇಲೂ ಹೆಂಡತಿಗೆ ತವರಿನ ಹೆಸರನ್ನೇ ಬರೆಯುವುದು ಜಾಸ್ತಿ. ಬಾಲ್ಕ್ವಿಡರ್‌ನಂಥ ಒಂದೇ ಊರಿನಲ್ಲಿ 1770ರ ಮಗುವಿಗೆ ಡಂಕನ್ ಡ್ರಮ್ಮಂಡ್–ಜಾನೆಟ್ ಫರ್ಗುಸನ್ ತಂದೆತಾಯಿ ಅಂತಿದ್ದು, 1778ರ ಮಗುವಿಗೆ ಡಂಕನ್ ಮೆಕ್‌ಗ್ರೆಗರ್–ಜಾನೆಟ್ ಫರ್ಗುಸನ್ ಅಂತಿದ್ದರೆ, ಇಬ್ಬರು ಡಂಕನ್ ಒಬ್ಬನೇ ಇರುವ ಸಾಧ್ಯತೆ ಹೆಚ್ಚು. ಮೊದಲ ಮಗನಿಗೆ ತಂದೆಯ ಅಪ್ಪನ ಹೆಸರು, ಎರಡನೆಯವನಿಗೆ ತಾಯಿಯ ಅಪ್ಪನ ಹೆಸರು ಇಡುವ ರೂಢಿಯೂ ಇತ್ತು, ಅದನ್ನೂ ತಾಳೆ ನೋಡಿ.

ವಲಸಿಗರನ್ನು ಹೊತ್ತ ಹೆಕ್ಟರ್ ಹಡಗು ಸ್ಕಾಟ್ಲೆಂಡ್‌ನ ಲಾಕ್ ಬ್ರೂಮ್‌ನಿಂದ ಪಿಕ್ಟೌಗೆ ಬಂದಿದ್ದು 1773ರಲ್ಲಿ, ಅಂದರೆ ನಿಷೇಧ ಇನ್ನೂ ಇದ್ದಾಗ. ನಿಮ್ಮವರು ಅಷ್ಟು ಬೇಗ ಬಂದಿದ್ದರೆ ಬೇರೆ ಹೆಸರಲ್ಲಿ ಹತ್ತಿರಬಹುದು.

ವಲಸೆ ಬಂದವರು ಆಮೇಲಿನ ಕಾಲದವರಾದರೆ, ಊರಲ್ಲೇ ಉಳಿದ ಅವರ ಅಣ್ಣತಮ್ಮ, ಅಕ್ಕತಂಗಿಯರನ್ನು ಹುಡುಕಿ. ಸ್ಕಾಟ್ಲೆಂಡ್‌ನಲ್ಲಿ 1855ರಿಂದ ಜನನ, ಮದುವೆ, ಮರಣಗಳ ಸರ್ಕಾರಿ ನೋಂದಣಿ ಶುರುವಾಯಿತು. ಅದರ ಮರಣಪತ್ರದಲ್ಲಿ ಸತ್ತವರ ಅಪ್ಪ, ಅಮ್ಮ ಇಬ್ಬರ ಹೆಸರನ್ನೂ ತವರಿನ ಹೆಸರಿನ ಸಮೇತ ಬರೆಸುತ್ತಿದ್ದರು. ಈ ದಾಖಲೆಗಳಿರುವ ಸ್ಕಾಟ್‌ಲ್ಯಾಂಡ್ಸ್‌ಪೀಪಲ್ ಅನ್ನೋ ಸರ್ಕಾರಿ ಜಾಲತಾಣದಲ್ಲಿ ಹುಡುಕಾಟ ಉಚಿತ, ಮೂಲಪ್ರತಿ ನೋಡಲು ಸ್ವಲ್ಪ ಹಣ ಕೊಡಬೇಕು. ನಿಮ್ಮ ಹತ್ತಿರ ಇರುವ ಅತಿ ಹಳೇ ದಂಪತಿಯ ಹೆಸರು, ಇಸವಿ ಇಲ್ಲಿ ಹಾಕಿ, ಸೇರಿ ಹುಡುಕೋಣ.