ಹಿಮಕರಡಿ ನೋಡಲು ಯಾವ ಹಡಗು?

ಪ್ರಶ್ನೆ: ತೋಟ ಮಗನಿಗೆ ವಹಿಸಿದ್ದೇವೆ. ನಾನೂ ಮನೆಯವರೂ ಜುಲೈನಲ್ಲಿ ಉತ್ತರ ಧ್ರುವದ ಹತ್ತಿರವಿರುವ ನಾರ್ವೆಯ ದ್ವೀಪಸಮೂಹ ಸ್ವಾಲ್ಬಾರ್ಡ್‌ಗೆ ಹೋಗಬೇಕೆಂದಿದ್ದೇವೆ. ದೊಡ್ಡ ಐಷಾರಾಮಿ ಹಡಗೋ, ದಡಕ್ಕಿಳಿಸಿ ಸುತ್ತಿಸುವ ಚಿಕ್ಕ ಎಕ್ಸ್‌ಪೆಡಿಶನ್ ಹಡಗೋ? ವೀಸಾ ಬೇಡವಂತೆ, ಹೌದಾ?
– ಓದುಗರು, ಶಿರಸಿ

ಉತ್ತರ: ಚಿಕ್ಕದನ್ನೇ ಆರಿಸಿ. 2025ರ ಜನವರಿಯಿಂದ ಅಲ್ಲಿನ ಸಂರಕ್ಷಿತ ಪ್ರದೇಶಗಳಿಗೆ 200ಕ್ಕಿಂತ ಜಾಸ್ತಿ ಪ್ರಯಾಣಿಕರಿರುವ ಹಡಗು ಹೋಗುವಂತಿಲ್ಲ. ಇಳಿಯುವುದಕ್ಕೂ ಗೊತ್ತುಪಡಿಸಿದ ಜಾಗಗಳಷ್ಟೇ. ಜುಲೈನಲ್ಲಿ ಹಿಮಕರಡಿಯಿಂದ ಕನಿಷ್ಠ 300 ಮೀಟರ್ ದೂರವಿರಬೇಕು, ಮಾರ್ಚ್‌ನಿಂದ ಜೂನ್‌ವರೆಗೆ 500. ಹಾಗಾಗಿ ಒಳ್ಳೆಯ ಬೈನಾಕ್ಯುಲರ್ ಒಯ್ಯಿರಿ. ಕರಡಿಯ ಹತ್ತಿರಕ್ಕೇ ಒಯ್ಯುತ್ತೇವೆ ಎನ್ನುವ ಏಜೆಂಟರನ್ನು ನಂಬಬೇಡಿ. ಈ ನಿಯಮ ನನಗೆ ಬಹಳ ಇಷ್ಟ. ಅದು ಕರಡಿಯ ಮನೆ, ಅಲ್ವಾ?

ವೀಸಾ ವಿಷಯದಲ್ಲಿ ಎಚ್ಚರ. ಸ್ವಾಲ್ಬಾರ್ಡ್‌ಗೆ ವೀಸಾ ಬೇಡ, ನಿಜ. ಆದರೆ ನಾರ್ವೆಯ ರಾಜಧಾನಿ ಓಸ್ಲೋ ಮೂಲಕ ಸ್ವಾಲ್ಬಾರ್ಡ್‌ನ ಮುಖ್ಯ ಊರಾದ ಲಾಂಗ್‌ಯಿಯರ್‌ಬೀನ್‌ಗೆ ಹೋಗುವವರಿಗೆ ಷೆಂಗೆನ್ (ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪು) ವೀಸಾ ಬೇಕೇ ಬೇಕು. ಸ್ವಾಲ್ಬಾರ್ಡ್ ಷೆಂಗೆನ್ ಆಚೆಗಿದೆ. ವಾಪಸು ಬರುವಾಗ ಮತ್ತೆ ಒಳಗೆ ಬಂದ ಲೆಕ್ಕ. ಎರಡು ಪ್ರವೇಶದ ವೀಸಾನೇ ಕೇಳಿ.

ಹಡಗಿನಿಂದ ದಡಕ್ಕೆ ರಬ್ಬರ್ ದೋಣಿ. ಅಲೆಯಲ್ಲಿ ಅಲುಗಾಡುವ ದೋಣಿಗೆ ಇಳಿಯಬೇಕು, ಆಮೇಲೆ ನೀರಿಗೆ ಕಾಲಿಟ್ಟು ದಡ ಹತ್ತಬೇಕು. ಹಡಗಿನಲ್ಲೇ ದುಡಿದ ಕಾರವಾರದವನಾಗಿ ಹೇಳುತ್ತೇನೆ, ಮೊಣಕಾಲಿಗೆ ಇದೇ ಪರೀಕ್ಷೆ. ದುಡ್ಡು ಕಟ್ಟುವ ಮೊದಲು ಇಬ್ಬರೂ ಘಟ್ಟ ಇಳಿದು ಬನ್ನಿ, ದೇವಬಾಗದಲ್ಲಿ ದೋಣಿ ಹತ್ತಿ ಇಳಿದು ನೋಡಿ. ವಿಮೆಯಲ್ಲಿ ಹೆಲಿಕಾಪ್ಟರ್‌ನಲ್ಲಿ ಆಸ್ಪತ್ರೆಗೆ ಸಾಗಿಸುವ ಖರ್ಚು ಸೇರಿರಲಿ. ಸಸ್ಯಾಹಾರವಾದರೆ ಬುಕಿಂಗ್‌ನಲ್ಲೇ ಬರೆಸಿ.